ಐಸ್ ಬೇಕಿತ್ತು

ನನ್ನ ಕ್ಲಾಸಿನಲ್ಲಿ ಮೊದಲನೇ ಭಾನುವಾರಕ್ಕೆ ಒಂದೇ ಪಾಠ. ನಿಮ್ಮ ಗಿರಾಕಿ ಫೋನ್ ಹಿಡಿದು ಗೂಗಲ್‌ನಲ್ಲಿ ಎಂತ ಹೊಡೆಯುತ್ತಾನೆ? ಅದನ್ನು ಅವನ ಮಾತಿನಲ್ಲೇ ಒಂದು ಕಾಗದದ ಮೇಲೆ ಬರೆಯಿರಿ. ನಿಮಗೆ ಚೆಂದ ಕಂಡ ಮಾತು ಬೇಡ, ಬೋರ್ಡಿನ ಮೇಲೆ ಬರೆಸಿದ ಮಾತೂ ಬೇಡ. ಅವನಿಗೆ ಹಸಿವಾದಾಗ, ಚಪ್ಪಲಿ ಕಿತ್ತುಹೋದಾಗ, ರೂಮು ಸಿಗದೆ ಬಿಸಿಲಲ್ಲಿ ನಿಂತಾಗ ಬೆರಳಿಗೆ ಬರುವ ಮಾತು. ಅದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಕ್ಲಾಸು ಅಂದರೆ ದೊಡ್ಡದೇನೂ ಅಲ್ಲ. ಹೊನ್ನಾವರ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ, ಅಲ್ಲೇ ಆನ್‌ಲೈನ್ ಅರ್ಜಿ ತುಂಬಿಕೊಡುವುದು. ಪಹಣಿ ಬೇಕಾದವರು, ಮಕ್ಕಳ ಸ್ಕಾಲರ್‌ಶಿಪ್ಪಿನವರು, ಆಧಾರ್ ಕಾರ್ಡಿನಲ್ಲಿ ಅಪ್ಪನ ಹೆಸರು ತಪ್ಪಾದವರು, ಎಲ್ಲ ನನ್ನ ಹತ್ತಿರವೇ. ಹೊಸದಾಗಿ ವ್ಯಾಪಾರ ಶುರು ಮಾಡಿದವರು ಬಂದು, ವೀಣಕ್ಕ ನಮ್ಮದನ್ನೂ ಮ್ಯಾಪಿಗೆ ಹಾಕಿಕೊಡಿ ಅನ್ನತೊಡಗಿದ ಮೇಲೆ ನಾನು ವಿಡಿಯೋ ನೋಡಿ ಕಲಿತೆ. ಹಿಂದಿಯವರು ಜೋರಾಗಿ ಮಾತಾಡುತ್ತಿದ್ದರು, ಸ್ಪೀಡ್ ಕಡಿಮೆ ಮಾಡಿ ಕೇಳಿಸಿಕೊಂಡೆ. ಆಮೇಲೆ ನಮ್ಮ ಮಹಿಳಾ ಸಂಘದವರು ಹಾಲ್ ಬಿಟ್ಟುಕೊಟ್ಟರು. ಮೂರು ಭಾನುವಾರ, ದಿನಕ್ಕೆ ಎರಡು ತಾಸು, ನಡುವೆ ಚಹಾ ಮತ್ತು ಬಿಸ್ಕೀಟು.

ಕಲಿಸುವುದು ನನಗೆ ಕಷ್ಟವಾಗುತ್ತಿರಲಿಲ್ಲ. ನಮ್ಮನೆಯವರು ಹೋಗಿ ಒಂದು ವರ್ಷ ಎರಡು ತಿಂಗಳಾಗಿತ್ತು. ಹೋದ ಮೇಲೆ ನಾನು ಮಾತು ನಿಲ್ಲಿಸಿದವಳಲ್ಲ. ಮೊದಲಿನಷ್ಟೇ ಆಡುತ್ತಿದ್ದೆ, ನಗಿಸುತ್ತಲೂ ಇದ್ದೆ. ಆದರೆ ಆಡುವವಳು ಒಬ್ಬಳು, ಒಳಗೆ ಗೋಡೆಗೆ ಮುಖ ಮಾಡಿ ಕೂತವಳು ಇನ್ನೊಬ್ಬಳು ಅನ್ನುವ ಹಾಗೆ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಬಾಯಿಗಿಟ್ಟ ಮೇಲೂ ಗೊತ್ತಾಗುತ್ತಿರಲಿಲ್ಲ. ಮುಂಬೈಯಲ್ಲಿರುವ ನಾದಿನಿ ಪ್ರಿಯಾ ಫೋನಿನಲ್ಲಿ, ಅತ್ತಿಗೆ ನೀವು ಒಮ್ಮೆ ಅತ್ತುಬಿಡಿ ಅನ್ನುತ್ತಿದ್ದಳು. ಆತು ಅನ್ನುತ್ತಿದ್ದೆ, ಹಾಲಿನವನಿಗೆ ಹೇಳಿದ ಹಾಗೆ.

ಆ ಸಲ ಕ್ಲಾಸಿಗೆ ಹತ್ತು ಜನ. ಓಂ ಬೀಚಿನ ಹತ್ತಿರ ಹೋಂಸ್ಟೇ ಮಾಡಿದ ಭಾಗ್ಯಲಕ್ಷ್ಮಿ ಮೊದಲು ಕಾಗದ ಓದಿದಳು. "ಪ್ರಕೃತಿಯ ಮಡಿಲಲ್ಲಿ ನೆಮ್ಮದಿಯ ತಾಣ" ಅಂತ ಬರೆದಿದ್ದಳು. ಭಟ್ಕಳದಿಂದ ಬಂದ ಇಫ್ತಿಕಾರ್ ಭಾಯಿ, ಅತ್ತರಿನ ಅಂಗಡಿಯವರು, ಗಡ್ಡ ಸವರಿಕೊಂಡು ಹೇಳಿದರು:

"ಬೆಹನ್, ಬೆಂಗಳೂರಿನ ಹುಡುಗರು ರೂಮ್ ನಿಯರ್ ಓಂ ಬೀಚ್ ಅಂತ ಹೊಡೀತಾರೆ. ಮಡಿಲು ಗಿಡಿಲು ಎಲ್ಲ ರೂಮ್ ಸಿಕ್ಕಿದ ಮೇಲೆ."

ಭಾಗ್ಯಲಕ್ಷ್ಮಿಯೂ ನಕ್ಕಳು. ಮಡಿಲನ್ನು ಗೀಟು ಎಳೆದು ಹೊಡೆದು ಹಾಕಿದಳು. ಇಫ್ತಿಕಾರ್ ಭಾಯಿ ತಮ್ಮ ಕಾಗದದಲ್ಲಿ ಏನು ಬರೆದಿದ್ದರು ಅಂತ ನೋಡಿದರೆ, "ಶತಮಾನಗಳ ಪರಂಪರೆಯ ಸುಗಂಧ". ಅದಕ್ಕೆ ಭಾಗ್ಯಲಕ್ಷ್ಮಿ ಅವರನ್ನು ಎಷ್ಟು ಆಡಿಕೊಂಡಳೋ ಅಷ್ಟು ಆಡಿಕೊಂಡಳು.

ಹಿಂದಿನ ಸಾಲಿನಲ್ಲಿ ಒಬ್ಬರು ಕೂತಿದ್ದರು. ಐವತ್ತು ದಾಟಿದವರು, ತೊಳೆದು ತೊಳೆದು ತೆಳ್ಳಗಾದ ಬಿಳಿ ಅಂಗಿ. ಹಾಜರಿ ಪುಸ್ತಕದಲ್ಲಿ ವೆಂಕ್ಟ್ರಮಣ, ಕಾಸರಕೋಡ ಅಂತಿತ್ತು. ಕಾಗದ ಖಾಲಿ. ಯಾಕೆ ಬರೆಯಲಿಲ್ಲ ಅಂತ ಕೇಳಿದೆ.

"ನನ್ನ ಗಿರಾಕಿ ಬಾಯಿ ಬಿಡೂದಿಲ್ಲ" ಅಂದರು.

ಎಂತ ವ್ಯಾಪಾರ ಅಂದೆ. ಪೆಟ್ಟಿಗೆ ಅಂದರು. ಭಾಗ್ಯಲಕ್ಷ್ಮಿ ಹಿಂದೆ ತಿರುಗಿ, ಮೀನು ಕಳಿಸುವ ಥರ್ಮಾಕೋಲ್ ಪೆಟ್ಟಿಗೆಯಾ, ನಮಗೂ ಎರಡು ಬೇಕಾಗಿತ್ತು ಅಂದಳು. ಅವರು ಅವಳ ಮುಖ ನೋಡದೆ, ಮೇಜಿನ ಮೇಲಿನ ಪೆನ್ನನ್ನು ನೇರ ಮಾಡುತ್ತ ಹೇಳಿದರು: ಮೀನಿಂದಲ್ಲ. ಮನುಷ್ಯರದ್ದು. ದೂರದವರು ಬಂದು ಮುಖ ನೋಡುವ ತನಕ ಇಡುವುದು, ಕರೆಂಟಿನದು.

ಪಕ್ಕದಲ್ಲಿದ್ದವರು ಕುರ್ಚಿ ಸರಿಸಲಿಲ್ಲ, ಅಷ್ಟು ಮರ್ಯಾದೆ ಇತ್ತು. ಆದರೆ ಚಹಾ ಕುಡಿದು ವಾಪಸ್ ಬರುವಾಗ ಬೇರೆ ಕಡೆ ಜಾಗ ಹಿಡಿದರು. ಹಿಂದಿನ ಸಾಲಿನಲ್ಲಿ ಅವರೊಬ್ಬರೇ ಉಳಿದರು.

ಚಹಾದ ಹೊತ್ತಿಗೆ ನಾನೇ ಅವರ ಹತ್ತಿರ ಹೋಗಿ ಕೂತೆ. ನನಗೆ ಹೆದರಿಕೆಯೂ ಇಲ್ಲ, ಕನಿಕರವೂ ಇಲ್ಲ, ಯಾವುದೂ ಮೈಗೆ ಹತ್ತದ ಕಾಲ ಅದು. ಅವರು ಬಿಸ್ಕೀಟನ್ನು ಚಹಾಕ್ಕೆ ಅದ್ದಿ ತಿನ್ನುತ್ತ ಹೇಳಿದ್ದು ಇಷ್ಟು. ಇಪ್ಪತ್ತೆರಡು ವರ್ಷ ಕಾಸರಕೋಡದ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡಿದವರು. ಭುಜ ಎತ್ತಲಿಕ್ಕಾಗದೆ ಬಿಟ್ಟರು. ಪೆಟ್ಟಿಗೆ ಅವರದಲ್ಲ, ಉಡುಪಿಯ ಡೀಲರನದು. ಚೌತಿ ತನಕ ನಡೆಸಿ ನೋಡು, ಓಡಿದರೆ ನಿನ್ನ ಹತ್ತಿರವೇ ಇರಲಿ, ಇಲ್ಲದಿದ್ದರೆ ವಾಪಸ್ ಒಯ್ಯುತ್ತೇನೆ ಅಂತ ಮಾತು. ವೈಶಾಖದಿಂದ ಇಲ್ಲಿತನಕ ಎರಡು ಸಲ ಹೊರಗೆ ಹೋಗಿದೆ, ಎರಡೂ ಅವರದೇ ಕೇರಿಯೊಳಗೆ. ಪೆಟ್ಟಿಗೆ ಹೋದರೆ ಈ ವಯಸ್ಸಿನಲ್ಲಿ ಅವರಿಗೆ ಬೇರೆ ಕೆಲಸವಿಲ್ಲ. ಈ ಬದಿಯ ಜನರಿಗೆ ಮತ್ತೆ ಐಸೇ ಗತಿ.

ಬೋರ್ಡು ಹಾಕಲಿಲ್ಲವಾ ಅಂತ ಕೇಳಿದೆ. ಹಾಕಿದ್ದರಂತೆ, ಹೈವೇ ಬದಿಯಲ್ಲಿ. ನಾಲ್ಕು ದಿನಕ್ಕೆ ಅಕ್ಕಪಕ್ಕದವರು ಬಿಚ್ಚಿ ತಂದು ಮನೆ ಹಿಂದೆ ಗೋಡೆಗೆ ಒರಗಿಸಿಟ್ಟು ಹೋದರು. ಒಡೆಯಲಿಲ್ಲ, ಬೈಯಲಿಲ್ಲ, ಮೊಳೆಗಳನ್ನು ಸಹಿತ ಒಂದು ಕಾಗದದಲ್ಲಿ ಕಟ್ಟಿ ಇಟ್ಟಿದ್ದರು. ದಿನಾ ಬೆಳಿಗ್ಗೆ ಅದನ್ನು ನೋಡಿಕೊಂಡು ಬಸ್ಸಿಗೆ ಹೋಗಬೇಕಾ ವೆಂಕ್ಟ್ರಮಣಣ್ಣ ಅಂತ ಒಬ್ಬಳು ಕೇಳಿದಳಂತೆ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ ಅಂದರು.

ಕ್ಲಾಸು ಮುಗಿದಾಗ ಒಬ್ಬೊಬ್ಬರಿಗೂ ನಾನು, ನಿಮ್ಮ ವ್ಯಾಪಾರ ಹೆಚ್ಚಲಿ ಅಂತ ಹೇಳಿ ಕಳಿಸುವುದು ರೂಢಿ. ಅವರ ಸರದಿ ಬಂದಾಗ ಬಾಯಿ ತೆಗೆದವಳು ಹಾಗೇ ಮುಚ್ಚಿದೆ.

"ಇರ್ಲಿ ತಂಗಿ" ಅಂದರು. "ನಂಗೆ ಅದನ್ನ ಹೇಳೂಕಾಗೂದಿಲ್ಲ."

ಎರಡನೇ ಭಾನುವಾರ ಊರಿನ ಹೆಸರಿನ ಪಾಠ. ಜನ ಬರೀ ವಸ್ತು ಹುಡುಕುವುದಿಲ್ಲ, ವಸ್ತುವಿನ ಜೊತೆ ಊರನ್ನೂ ಹೊಡೆಯುತ್ತಾರೆ. ಅದಕ್ಕೇ ನಿಮ್ಮ ಹೆಸರು, ವಿಳಾಸ, ಫೋನ್ ನಂಬರು ಮ್ಯಾಪಿನಲ್ಲಿ, ಫೇಸ್‌ಬುಕ್ಕಿನಲ್ಲಿ, ಬಿಲ್ಲಿನಲ್ಲಿ, ಎಲ್ಲ ಕಡೆ ಒಂದೇ ಥರ ಇರಬೇಕು. ಒಂದು ಕಡೆ ಹೊನ್ನಾವರ, ಇನ್ನೊಂದು ಕಡೆ ಹೊನ್ನಾವರ್, ಮತ್ತೊಂದು ಕಡೆ ಹಳೇ ನಂಬರು ಅಂತಿದ್ದರೆ ಗೂಗಲ್‌ಗೂ ಅನುಮಾನ ಬರುತ್ತದೆ. ಸಂಬಂಧ ನೋಡಲಿಕ್ಕೆ ಬಂದವರಿಗೆ ಹುಡುಗನ ವಯಸ್ಸನ್ನು ಒಬ್ಬೊಬ್ಬರು ಒಂದೊಂದು ಹೇಳಿದ ಹಾಗೆ. ಇಷ್ಟು ಹೇಳುವಷ್ಟರಲ್ಲಿ ಇಫ್ತಿಕಾರ್ ಭಾಯಿ ಕೈ ಎತ್ತಿದರು. ಅವರ ಒಂದು ಅತ್ತರಿನ ಪಾರ್ಸೆಲ್ ಕಾಸರಕೋಡಕ್ಕೆ ಕಳಿಸಿದ್ದು ಕೇರಳದ ಕಾಸರಗೋಡಿಗೆ ಹೋಗಿ, ಅಲ್ಲಿ ಇಪ್ಪತ್ತು ದಿನ ಇದ್ದು, ಮಲಯಾಳಂ ಸೀಲು ಹೊಡೆಸಿಕೊಂಡು ವಾಪಸ್ ಬಂತಂತೆ. ಊರು ಸುತ್ತಿ ಬಂದದ್ದಕ್ಕೆ ಪರಿಮಳ ಸ್ವಲ್ಪ ಹೆಚ್ಚಾಗಿತ್ತು ಅಂತ ಬೇರೆ ಸೇರಿಸಿದರು.

ಎಲ್ಲರೂ ನಗುತ್ತಿರುವಾಗ ನಾನು ಪರದೆಯ ಮೇಲೆ ವೆಂಕ್ಟ್ರಮಣಣ್ಣನ ಸಲುವಾಗಿಯೇ ಹೊಡೆದು ತೋರಿಸಿದೆ. ಫ್ರೀಜರ್ ಬಾಕ್ಸ್, ಕಾಸರಕೋಡ. ಕಂಪ್ಯೂಟರು ನಮ್ಮನ್ನು ತಿದ್ದಿತು. ನೀವು ಹುಡುಕುತ್ತಿರುವುದು ಕಾಸರಗೋಡು ಅಲ್ಲವೇ ಅಂತ ಕೇಳಿ, ಉತ್ತರಕ್ಕೆ ಕಾಯದೆ, ಕೇರಳದ ಅಂಗಡಿಗಳನ್ನು ಸಾಲಾಗಿ ಹಾಕಿತು. ಜನ ಮತ್ತೆ ನಕ್ಕರು. ಪರದೆಯ ಮೇಲೆ ಮೊದಲು ಬಂದದ್ದು ಒಂದು ಐಸ್ ಕಂಪನಿ. ಅದರ ಬಾಗಿಲಿಗೆ ನೀಲಿ ಬಣ್ಣ. ಆ ನೀಲಿ ಬಾಗಿಲನ್ನು ನಾನು ಮೊದಲು ನೋಡಿದ್ದೆ.

ತಲೆನೋವು ಅಂತ ಹೇಳಿ ಕ್ಲಾಸನ್ನು ಅರ್ಧ ತಾಸು ಮೊದಲೇ ಮುಗಿಸಿದೆ.

ಹಿಂದಿನ ವರ್ಷ ಮೇ ತಿಂಗಳಲ್ಲಿ, ಬೆಳಿಗ್ಗೆ ಏಳೂವರೆಗೆ, ನಮ್ಮನೆಯವರು ಬಾವಿಕಟ್ಟೆಯ ಹತ್ತಿರ ಕೂತವರು ಮತ್ತೆ ಏಳಲಿಲ್ಲ. ಡಾಕ್ಟರು ಬಂದು ನೋಡಿ ಹೋದರು. ಪ್ರಿಯಾ ಮುಂಬೈಯಿಂದ ಬರಬೇಕು, ಅವಳು ಬರುವುದು ಮರುದಿನ ಬೆಳಿಗ್ಗೆಯ ರೈಲಿಗೆ. ಒಬ್ಬನೇ ಅಣ್ಣ, ಮುಖ ನೋಡದೆ ಒಯ್ಯಬಾರದು ಅಂದಳು. ಮನೆಯಲ್ಲಿ ಹಿರಿಯರು, ಐಸ್ ತರಿಸಬೇಕು, ಬಿಸಿಲು ಏರುವ ಮೊದಲೇ ತರಿಸಬೇಕು ಅಂದರು. ಫೋನಿನ ಕೆಲಸವೆಲ್ಲ ನನ್ನದೇ ತಾನೇ, ಊರಿಗೆಲ್ಲ ಹುಡುಕಿಕೊಡುವವಳು. ನಾನೇ ಮಾಡುತ್ತೇನೆ ಅಂದೆ. ಮೊದಲು ಬಂದ ನಂಬರಿಗೆ ಫೋನ್ ಹಚ್ಚಿದೆ. ನೀಲಿ ಬಾಗಿಲಿನ ಅಂಗಡಿ.

ಒಬ್ಬ ಗಂಡಸು ತೆಗೆದ. ಐಸ್ ಬೇಕಿತ್ತು ಅಂದೆ. ಐಸ್ ಅನ್ನುವುದು ಅವನಿಗೆ ತಿಳಿಯಿತು. ಎಷ್ಟು ಅಂತ ಕೇಳಿದ ಅನ್ನಿಸಿತು, ನಾಲ್ಕು ಬ್ಲಾಕು ಅಂದೆ. ಎವಿಡೆ ಎವಿಡೆ ಅಂದ, ಎಲ್ಲಿಗೆ ಅಂತಿರಬೇಕು. ಬಸ್‌ಸ್ಟ್ಯಾಂಡಿನಿಂದ ಸೀದಾ ಬಂದು ಎಡಕ್ಕೆ ಅಂದೆ. ಕಾಸರಕೋಡದಲ್ಲಿ ಕೇರಳದವರು ಕೆಲಸಕ್ಕಿರಬಹುದು ಅಂತ ನನ್ನ ತಲೆ ಎಣಿಸಿತು. ಶರಿ ಶರಿ ಅಂದ. ನಾನು ಫೋನಿಟ್ಟು, ಐಸ್ ಬರ್ತದೆ ಅಂತ ಎಲ್ಲರಿಗೂ ಹೇಳಿದೆ. ಎರಡೂವರೆ ತಾಸು ಕಾದೆವು. ಹನ್ನೊಂದರ ಹೊತ್ತಿಗೆ ಯಾರೋ ಬೈಕ್ ತಗೊಂಡು ಸೇತುವೆ ದಾಟಿ ಕಾಸರಕೋಡದ ಪ್ಲಾಂಟಿಗೆ ಹೋಗಿ ಹೇಳಿ ಬಂದರು, ಆಮೇಲೆ ಐಸ್ ಬಂತು. ಮರುದಿನ ಪ್ರಿಯಾ ಬಂದು ಮುಖ ನೋಡಿ, ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಹಿಂದಕ್ಕೆ ಸರಿದಳು. ಐಸಿನವರು ತಡ ಮಾಡಿದರು ಅಂತ ಮನೆಯಲ್ಲಿ ಈಗಲೂ ಮಾತಿದೆ. ನಾನು ಅದನ್ನು ತಿದ್ದಲಿಲ್ಲ.

ಆ ಭಾನುವಾರ ಕ್ಲಾಸಿನಿಂದ ಮನೆಗೆ ಹೋಗಿ ಫೋನಿನಲ್ಲಿ ನನ್ನ ಹಳೆಯ ಹುಡುಕಾಟವನ್ನು ತೆಗೆದೆ. ಅಳಿಸದಿದ್ದರೆ ಅದು ಅಲ್ಲೇ ಇರುತ್ತದೆ, ತಾರೀಕು ಗಂಟೆ ಸಮೇತ. ಆ ದಿನ ನಾನು ಒಂಬತ್ತು ಸಲ ಹುಡುಕಿದ್ದೆ. ಐಸ್. ಐಸ್ ಕಾಸರಕೋಡ. ಐಸ್ ಪ್ಲಾಂಟ್ ಹತ್ತಿರ ಈಗ ತೆರೆದಿದೆ. ಮುಂಬೈ ಹೊನ್ನಾವರ ರೈಲು. ಐಸ್ ಎಷ್ಟು ತಾಸು ಇರುತ್ತದೆ. ಇನ್ನೂ ಕೆಲವು. ಒಂದು ಸಲ ಟೈಪ್ ಮಾಡಲಿಕ್ಕಾಗದೆ ಮೈಕ್ ಒತ್ತಿ ಬಾಯಲ್ಲೇ ಹೇಳಿದ್ದೆ, ಫೋನು ಅದನ್ನು ಹಾಗೇ ಬರೆದುಕೊಂಡಿತ್ತು: ಐಸ್ ಬೇಕಿತ್ತು. ಒಂಬತ್ತರಲ್ಲಿ ಒಂದರಲ್ಲೂ ಫ್ರೀಜರ್ ಇಲ್ಲ, ಹೆಣ ಇಲ್ಲ, ಸಾವು ಇಲ್ಲ. ಎಲ್ಲವನ್ನೂ ಒಂದು ಕಾಗದದ ಮೇಲೆ ಬರೆದೆ. ಅಕ್ಷರ ಚೆಂದ ಬಂದಿತ್ತು.

ಸೋಮವಾರ ವೆಂಕ್ಟ್ರಮಣಣ್ಣನಿಗೆ ಅಂಗಡಿಗೆ ಬರಹೇಳಿ ಕಾಗದ ಕೊಟ್ಟೆ. ಇದು ಯಾರದು ಅಂದರು. ಗಿರಾಕಿಯದು, ಮೊದಲನೇ ಪಾಠದ್ದು ಅಂದೆ. ಅವರು ನಿಂತೇ ಓದಿದರು. ಓದುವಾಗ ತೋರುಬೆರಳಲ್ಲ, ಮಡಿಸಿದ ಬೆರಳಿನ ಗಂಟನ್ನು ಸಾಲಿನ ಕೆಳಗೆ ಸರಿಸುತ್ತಿದ್ದರು. ಐಸಿನಲ್ಲಿ ಕೆಲಸ ಮಾಡಿ ಬೆರಳ ತುದಿ ಸವೆದು, ಫೋನು ಅವರ ಬೆರಳನ್ನು ಬೆರಳು ಅಂತಲೇ ಒಪ್ಪುತ್ತಿರಲಿಲ್ಲ. ರೇಷನ್ ಅಂಗಡಿಯ ಮಶಿನ್ನೂ ಅಷ್ಟೇ. ಗಂಟಿನಿಂದ ಒತ್ತಿ ಒತ್ತಿ ಕಾಗದಕ್ಕೂ ಅದೇ ರೂಢಿಯಾಗಿತ್ತು. ಮುಂಬೈ ರೈಲಿನ ಸಾಲಿಗೆ ಬಂದು ನಿಂತರು.

"ಆ ದಿವ್ಸ ನಿಮ್ಮನೆಗೆ ಐಸ್ ತಂದವ ನಾನೇ, ತಂಗಿ."

ನನಗೆ ಅವರ ಮುಖ ನೆನಪಿರಲಿಲ್ಲ. ಹಾಗೇ ಹೇಳಿದೆ.

"ಯಾರಿಗೂ ಇರೂದಿಲ್ಲ" ಅಂದರು. "ಮದುವೆಗೆ ಐಸ್ಕ್ರೀಮ್ ಕೊಟ್ಟವನ ನಂಬರು ಹತ್ತು ವರ್ಷ ಇಟ್ಕಂತ್ರು. ನನ್ನ ನಂಬರು ಹನ್ನೆರಡ್ನೇ ದಿನಕ್ಕೆ ಅಳಿಸ್ತ್ರು. ಬಾಯಿಂದ ಬಾಯಿಗೆ ಹೋಗೂ ಕೆಲ್ಸ ಅಲ್ಲ ಇದು. ಅದ್ಕೇ ನಿಮ್ಮ ಕ್ಲಾಸಿಗೆ ಬಂದದ್ದು."

ಆ ದಿನ ತಡವಾದದ್ದಕ್ಕೆ ನಮ್ಮ ಮನೆಯ ಹಿರಿಯರು ಅವರಿಗೆ ಅಂಗಳದಲ್ಲೇ ಬೈದಿದ್ದರಂತೆ. ಅವರಿಗೆ ಸುದ್ದಿ ಹೋದದ್ದೇ ಹನ್ನೊಂದಕ್ಕೆ, ಅರ್ಧ ತಾಸಿನಲ್ಲಿ ಬಂದಿದ್ದರು. ಮತ್ತೆ ಎಂತಕ್ಕೆ ಸುಮ್ಮನೆ ಬೈಸಿಕೊಂಡಿರಿ ಅಂತ ಕೇಳಿದೆ.

"ಆ ಹೊತ್ತಿಗೆ ಯಾರಿಗಾದ್ರೂ ಬೈಬೇಕಾಗ್ತದೆ. ಐಸಿನವನಿಗೆ ಬೈದ್ರೆ ಮನೆಯೊಳಗೆ ಜಗಳಾಗೂದಿಲ್ಲ."

ಆಗ ನಾನು ಹೇಳಿದೆ. ನಾನು ಕೇರಳಕ್ಕೆ ಫೋನ್ ಮಾಡಿದ್ದೆ ಅಂತ, ನೀಲಿ ಬಾಗಿಲು, ಶರಿ ಶರಿ, ಎರಡೂವರೆ ತಾಸು, ಎಲ್ಲ. ಒಬ್ಬರಿಗೆ ಹೇಳಿದ್ದು ಅದೇ ಮೊದಲು. ಅಯ್ಯೋ ಪಾಪ ಅಂತಾರೆ, ಇರಲಿ ಬಿಡು ಅಂತಾರೆ ಅಂದುಕೊಂಡೆ. ಅವರು ಅದೇನೂ ಅನ್ನಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡು, "ಹಾಂಗಾದ್ರೆ ಅದನ್ನ ಮೊದ್ಲು ಸರಿ ಮಾಡ್ವ. ಇನ್ನೊಬ್ರು ಅಲ್ಲಿಗೆ ಹೋಪದು ಬೇಡ" ಅಂದರು.

ಸರಿ ಮಾಡಲಿಕ್ಕೆ ಕೂತೆವು. ವ್ಯಾಪಾರದ ಹೆಸರಿನಲ್ಲಿ ಸುಮ್ಮನೆ ಮಾತು ತುರುಕಿದರೆ ಗೂಗಲ್ ಒಪ್ಪುವುದಿಲ್ಲ, ಬೋರ್ಡಿನ ಮೇಲೆ ಏನಿದೆಯೋ ಅದೇ ಇರಬೇಕು. ಹಾಗಾದರೆ ಬೋರ್ಡನ್ನೇ ಬದಲಿಸುತ್ತೇನೆ ಅಂದರು ಅವರು. ಮನೆ ಹಿಂದೆ ಒರಗಿದ್ದ ಬೋರ್ಡಿಗೆ ಬಣ್ಣ ಬಳಿದು ವೆಂಕ್ಟ್ರಮಣ ಐಸ್ ಮತ್ತು ಫ್ರೀಜರ್ ಅಂತ ಬರೆಸಿದರು. ಸುಳ್ಳೂ ಅಲ್ಲ, ಕರೆಂಟಿಲ್ಲದ ಮನೆಗೆ ಪ್ಲಾಂಟಿನಿಂದ ಐಸ್ ತಂದುಕೊಡುತ್ತಿದ್ದರು. ಐಸ್ ಅಂತಿದ್ದ ಬೋರ್ಡಿಗೆ ಕೇರಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಕಾಸರಕೋಡವನ್ನು ಇಂಗ್ಲಿಷಿನಲ್ಲಿ ಜನ ಎಷ್ಟು ಥರ ತಪ್ಪು ಬರೆಯುತ್ತಾರೋ ಅಷ್ಟನ್ನೂ ಬರೆದುಕೊಂಡು, ಒಂದು ಸಣ್ಣ ಪುಟ ಮಾಡಿ, ಮೊದಲನೇ ಸಾಲಿನಲ್ಲೇ "ಇದು ಹೊನ್ನಾವರದ ಶರಾವತಿ ಸೇತುವೆಯ ಹತ್ತಿರದ ಕಾಸರಕೋಡ, ಕೇರಳದ್ದಲ್ಲ" ಅಂತ ಹಾಕಿದೆವು. ಜನ ಕೇಳುವ ಪ್ರಶ್ನೆಗಳನ್ನು ಅವರೇ ಹೇಳಿದರು, ಉತ್ತರವನ್ನೂ ಅವರೇ ಹೇಳಿದರು, ನಾನು ಬರೀ ಬೆರಳು. ಕರೆಂಟ್ ಹೋದರೆ ಎಂತ ಮಾಡುವುದು? ಮುಚ್ಚಳ ತೆಗೆಯದಿದ್ದರೆ ಎರಡು ತಾಸು ಹೆದರಿಕೆ ಇಲ್ಲ, ಅಷ್ಟರೊಳಗೆ ನಾನು ಐಸ್ ತರುತ್ತೇನೆ. ಎಷ್ಟು ಜನ ಬೇಕು? ಎತ್ತಲಿಕ್ಕೆ ನಾವಿಬ್ಬರು ಬರುತ್ತೇವೆ, ನೀವು ಬಾಗಿಲು ತೆಗೆದಿಟ್ಟರೆ ಸಾಕು.

ಫೋಟೋದ್ದು ಕಷ್ಟವಾಯಿತು. ಪೆಟ್ಟಿಗೆಯ ಫೋಟೋ ಯಾರು ನೋಡುತ್ತಾರೆ? ಕೊನೆಗೆ ಅವರ ಹೆಂಡತಿ ಗಣಪಿ ಇಸ್ತ್ರಿ ಮಾಡಿದ ಬಿಳಿ ಪಂಚೆಯೊಂದನ್ನು ಮೇಲೆ ಹೊದೆಸಿ, ಈಗ ತೆಗಿ ಮಾರಾಯ್ತಿ, ಊಟದ ಮೇಜಿನ ಹಾಂಗೆ ಕಾಣ್ತದೆ ಅಂದಳು. ಹಾಗೇ ಕಂಡಿತು.

ಮೂರನೇ ಪಾಠ ತಾಳ್ಮೆಯದು. ಇವತ್ತು ನೆಟ್ಟು ನಾಳೆ ತೆಂಗಿನಕಾಯಿ ಕೇಳಬೇಡಿ, ಗೂಗಲ್‌ನಲ್ಲಿ ಮೇಲೆ ಬರಲಿಕ್ಕೆ ವಾರಗಳು, ತಿಂಗಳುಗಳು ಬೇಕು ಅಂತ ನಾನು ಎಲ್ಲರಿಗೂ ಹೇಳುವುದು. ಆದರೆ ಇಲ್ಲಿ ಚೌತಿ ಬರುತ್ತಿತ್ತು.

ಮೊದಲು ಬಂದ ಫೋನುಗಳೆಲ್ಲ ಬೇರೆಯವು. ಓಂ ಬೀಚಿನ ಕಡೆಯಿಂದ ಹುಡುಗರು, ಪಾರ್ಟಿಗೆ ಐಸ್ ಬೇಕು ಅಂತ. ತದಡಿಯಿಂದ ಮೀನಿನವರು. ಹುಟ್ಟುಹಬ್ಬದವರು ಒಬ್ಬರು. ವೆಂಕ್ಟ್ರಮಣಣ್ಣ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳುವುದು ಕಲಿತರು. "ಕುಡಿಯೂಕಾ, ಇಡೂಕಾ?" ಕುಡಿಯುವವರು ನಗುತ್ತಿದ್ದರು, ಅವರಿಗೆ ಬೇರೆ ಅಂಗಡಿಯ ನಂಬರು ಕೊಟ್ಟು ಫೋನಿಡುತ್ತಿದ್ದರು. ಒಬ್ಬ ಹುಡುಗ ಅದನ್ನೇ ಬರೆದು ಒಂದು ನಕ್ಷತ್ರ ಕೊಟ್ಟ. ಬಿಯರಿಗೆ ಐಸ್ ಕೇಳಿದರೆ ಕುಡಿಯೂಕಾ ಇಡೂಕಾ ಅಂತ ಕೇಳುತ್ತಾರೆ ಅಂತ. ಅವರಿಗೆ ಸಿಕ್ಕಿದ ಮೊದಲನೇ ಅಭಿಪ್ರಾಯ ಅದು. ಅಳಿಸಲಿಕ್ಕೆ ಅರ್ಜಿ ಹಾಕುವ ಅಂದೆ. ಬೇಡ ಅಂದರು. ಪಾಪದ ಹುಡುಗ, ನಡೆದದ್ದನ್ನೇ ಬರೆದಿದ್ದಾನೆ.

ಆಷಾಢ ಹೋಯಿತು, ಶ್ರಾವಣವೂ ಮುಗಿಯುತ್ತ ಬಂತು. ಕ್ಲಾಸಿನವರೆಲ್ಲ ಮೇಲೆ ಬಂದರು. ಭಾಗ್ಯಲಕ್ಷ್ಮಿಗೆ ಮಳೆಯಲ್ಲೂ ಎರಡು ರೂಮು ತುಂಬಿತು, ಅವಳು ನನಗೆ ಅನಾನಸು ಕಳಿಸಿದಳು. ನಾನು ತಿಂದೆ. ಪೆಟ್ಟಿಗೆ ಗಣಪಿಯ ಇಸ್ತ್ರಿ ಪಂಚೆ ಹೊದ್ದು ಜಗಲಿಯಲ್ಲೇ ಇತ್ತು. ಉಡುಪಿಯವನು ಮುಂದಿನ ಗುರುವಾರ ಗಾಡಿ ತರುತ್ತೇನೆ ಅಂತ ಹೇಳಿದ್ದ.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ವೆಂಕ್ಟ್ರಮಣಣ್ಣನ ಫೋನು. ಧಾರೇಶ್ವರದ ಬದಿಗೆ ಹೋಗಬೇಕು, ಇನ್ನೊಂದು ತುದಿ ಹಿಡಿಯುವ ಭಾವ ನಿತೇಶ ತದಡಿಗೆ ಬಲೆ ಕೆಲಸಕ್ಕೆ ಹೋಗಿದ್ದಾನೆ, ಬರಲಿಕ್ಕೆ ಎರಡು ತಾಸಾಗುತ್ತದೆ. ಅವರು ನನ್ನನ್ನು ಬಾ ಅಂತ ಕರೆಯಲಿಲ್ಲ. ನಾನು ಝೆರಾಕ್ಸ್ ಮಾಡಿಸಲು ನಿಂತಿದ್ದವರಿಗೆ, ಮಧ್ಯಾಹ್ನ ಬನ್ನಿ ಅಂತ ಹೇಳಿ ಶಟರ್ ಎಳೆದೆ.

ಗಾಡಿಯಲ್ಲಿ ಅವರು ಆ ಫೋನಿನ ವಿಷಯ ಹೇಳಿದರು. ಒಂದು ಹುಡುಗಿ. ಐಸ್ ಇದ್ಯಾ ಅಂತ ಕೇಳಿದಳು. ಇವರು ಎಂದಿನ ಪ್ರಶ್ನೆ ಕೇಳಿದರು. ಅವಳು, ಇಡೂಕೆ, ನಮ್ಮ ಅಪ್ಪನ್ನ ಅಂದಳು. ಎಷ್ಟು ಹೊತ್ತಿನ ತನಕ ಅಂತ ಇವರು ಕೇಳಿದರು. ಅಣ್ಣ ದಿವಾಕರ ಮಸ್ಕತ್ತಿನಿಂದ ಬರಬೇಕು, ನಾಳೆ ಮಧ್ಯಾಹ್ನ ಆಗ್ತದೆ ಅಂದಳಂತೆ. ಫೋನ್ ಇಡುವ ಮೊದಲು, ನೀವು ನಿಜಕ್ಕೂ ಬತ್ರಿ ಅಲ್ದಾ ಅಂತ ಎರಡು ಸಲ ಕೇಳಿದಳು.

ಹೈವೇಯಿಂದ ಇಳಿದು ಸಣ್ಣ ರಸ್ತೆಯಲ್ಲಿ ಹೋದರೆ ಅವಳೇ ಮನೆ ಬೇಲಿಯ ದಣಪೆಯ ಹತ್ತಿರ ನಿಂತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರು ವರ್ಷ ಇರಬಹುದು. ಪವಿತ್ರಾ ಅಂತ ಹೆಸರು, ಒಳಗಿನಿಂದ ಯಾರೋ ಕರೆದಾಗ ಗೊತ್ತಾಯಿತು. ಫೋನು ಕೈಯಲ್ಲೇ ಇತ್ತು. ಅಳುತ್ತಿರಲಿಲ್ಲ. ಬನ್ನಿ ಅನ್ನಲಿಲ್ಲ, ಬಾಗಿಲು ತೆಗೆದಿಟ್ಟಿದ್ದೇನೆ ಅಂದಳು.

ಪೆಟ್ಟಿಗೆ ನಾನೆಣಿಸಿದ್ದಕ್ಕಿಂತ ಭಾರ. ವೆಂಕ್ಟ್ರಮಣಣ್ಣ ಸರಿಯಿರುವ ಭುಜದ ಬದಿಗೆ ತಿರುಗಿ ಹಿಡಿದರು, ಇನ್ನೊಂದು ತುದಿ ನಾನು, ನಡುವೆ ಆ ಮನೆಯ ಇಬ್ಬರು. ಜಗಲಿಯಲ್ಲಿ ಇಟ್ಟೆವು. ಪ್ಲಗ್ ಎಲ್ಲಿದೆ ಅಂತ ಅವರು ಕೇಳಿದರು, ದೊಡ್ಡ ಪಿನ್ನಿನದು ಬೇಕು. ಮನೆಯವರಿಗೆ ಯಾರಿಗೂ ಹೊಳೆಯಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಅವಳ ದೊಡ್ಡಮ್ಮ ಬಂಗಾರಿ, ಎಂತ ಪ್ಲಗ್ಗೋ ಎಂತದೋ, ಹೋಪವ ಹೋದ ಅಂದಳು. ಪವಿತ್ರಾ ನನ್ನನ್ನು ಅಡಿಗೆಮನೆಗೆ ಕರೆದುಕೊಂಡು ಹೋದಳು. ದೊಡ್ಡ ಪಿನ್ನಿನ ಜಾಗ ಅಲ್ಲಿ ಒಂದೇ ಇತ್ತು, ಅದರಲ್ಲಿ ಗ್ರೈಂಡರಿನ ವಯರು. ಅವಳು ಅದನ್ನು ಕಿತ್ತಳು. ನಾನು ಉದ್ದದ ವಯರನ್ನು ಜಗಲಿಯಿಂದ ಎಳೆದು ತಂದು ಹಾಕಿದೆ. ಹೊರಗೆ ಪೆಟ್ಟಿಗೆ ಗುಂಯ್ ಅನ್ನಲು ಶುರುವಾಯಿತು.

ಜಗಲಿಯಲ್ಲಿ ಅವರ ಫೋನ್ ರಿಂಗಾಯಿತು. ಉಡುಪಿಯವನು, ಗುರುವಾರದ ಗಾಡಿಯ ವಿಷಯ. "ಇಲ್ಲ, ಗಾಡಿ ಬೇಡ. ಪೆಟ್ಟಿಗೆ ಕೆಲ್ಸದಲ್ಲಿದೆ" ಅಂತ ವೆಂಕ್ಟ್ರಮಣಣ್ಣ ದನಿ ತಗ್ಗಿಸಿ ಹೇಳಿದ್ದು ಕೇಳಿತು.

ಪವಿತ್ರಾ ಗ್ರೈಂಡರಿನ ಮುಂದೆಯೇ ನಿಂತಿದ್ದಳು. ಅದರೊಳಗೆ ದೋಸೆಗೆ ಹಾಕಿದ್ದ ಹಿಟ್ಟು, ಅರ್ಧ ರುಬ್ಬಿದ್ದು. ಬೆಳಿಗ್ಗೆ ರುಬ್ಬುತ್ತಿರುವಾಗಲೇ ಅಪ್ಪ ಕರೆದಿರಬೇಕು, ಅಥವಾ ಕರೆಯದೆ ಬಿದ್ದಿರಬೇಕು.

"ಇದನ್ನ ಎಂತ ಮಾಡೂದು, ಅಕ್ಕ?"

ಆ ಮನೆಯಲ್ಲಿ ಇನ್ನು ಕೆಲವು ದಿನ ಒಲೆ ಹಚ್ಚುವುದಿಲ್ಲ. ಒಂದು ಪಾತ್ರೆ ಕೊಡು ಅಂದೆ. ಕೊಟ್ಟಳು. ನಾನು ಕಲ್ಲನ್ನು ಎತ್ತಿ, ಬದಿಗೆ ಹತ್ತಿದ್ದನ್ನು ಬಳಿದು ಬಳಿದು ತೆಗೆಯತೊಡಗಿದೆ. ಅವಳು ಪಾತ್ರೆ ಹಿಡಿದುಕೊಂಡು ನಿಂತಳು. ಹಿಡಿಯಲಿಕ್ಕೆ ಏನೋ ಒಂದು ಸಿಕ್ಕಿತಲ್ಲ ಅನ್ನುವ ಹಾಗೆ ಎರಡೂ ಕೈಯಲ್ಲಿ ಗಟ್ಟಿ ಹಿಡಿದಿದ್ದಳು.

ಸ್ವಲ್ಪ ಹೊತ್ತಿಗೆ ಅವಳಷ್ಟಕ್ಕೇ ಹೇಳಿದಳು. ಯಾರಿಗೆ ಕೇಳುವುದು ಗೊತ್ತಾಗಲಿಲ್ಲ, ಎಲ್ಲ ಅಳುತ್ತಿದ್ದರು, ಹಿಂದಿನ ಮನೆಯವರು ಕಾಸರಕೋಡದಲ್ಲಿ ಐಸ್ ಸಿಗ್ತದೆ ಅಂದರು.

"ನಾನು ಅಷ್ಟೇ ಹೊಡ್ದೆ, ಅಕ್ಕ. ಐಸ್ ಕಾಸರಕೋಡ ಅಂತ. ನಿಮ್ದೇ ಮೊದ್ಲು ಬಂತು."

"ಹೌದಾ" ಅಂದೆ.

ಹಿಟ್ಟು ಇನ್ನೂ ನುಣ್ಣಗಾಗಿರಲಿಲ್ಲ. ಅಕ್ಕಿಯ ಕಾಳುಗಳು ಬೆರಳಿಗೆ ಒಂದೊಂದಾಗಿ ಸಿಗುತ್ತಿದ್ದವು.